ಒಂದು ಯುದ್ಧದ ಜಮಾ-ಖರ್ಚು: 1812 ಮತ್ತು ಅಮೆರಿಕದ ರಾಷ್ಟ್ರಾಭಿಮಾನ

1814ನೆಯ ಇಸವಿ ಡಿಸೆಂಬರ್ 24ರಂದು, ಇಂದು ಬೆಲ್ಜಿಯಂ ದೇಶಕ್ಕೆ ಸೇರಿರುವ ಘೆಂಟ್ ನಗರದಲ್ಲಿ, ಅಮೆರಿಕ ಸಂಯುಕ್ತ ಸಂಸ್ಥಾನಗಳ ಮತ್ತು ಬ್ರಿಟನ್ನಿನ ಪ್ರತಿನಿಧಿಗಳು ಒಂದು ಸಂಧಿಪತ್ರಕ್ಕೆ ಸಹಿ ಹಾಕಿದರು. ಎರಡೂವರೆ ವರ್ಷ ನಡೆದ ಯುದ್ಧವನ್ನು ಮುಗಿಸುವ ಪತ್ರ ಅದು. ಅದನ್ನು ಓದುವವರ ಕಣ್ಣಿಗೆ ಮೊದಲು ಬೀಳುವುದು ಅದರಲ್ಲಿ ಇರುವ ಸಂಗತಿಗಳಲ್ಲ, ಇಲ್ಲದಿರುವ ಸಂಗತಿಗಳು. ಯಾವ ಕಾರಣಗಳನ್ನು ಮುಂದೆ ಮಾಡಿ ಅಮೆರಿಕ ಯುದ್ಧ ಸಾರಿತ್ತೋ ಆ ಕಾರಣಗಳ ಪ್ರಸ್ತಾಪವೇ ಅದರಲ್ಲಿಲ್ಲ. ಯುದ್ಧಕ್ಕೆ ಮೊದಲು ಯಾರ ನೆಲ ಯಾರಲ್ಲಿತ್ತೋ ಅದು ಅವರಲ್ಲಿಯೇ ಇರತಕ್ಕದ್ದೆಂದು ಒಪ್ಪಿಕೊಂಡು, ಗಡಿಯ ಕೆಲವು ತಕರಾರುಗಳನ್ನು ಆಯೋಗಗಳಿಗೆ ಒಪ್ಪಿಸಿ ಉಭಯ ಪಕ್ಷದವರೂ ಎದ್ದುಹೋದರು. ಅಂಗಡಿಯ ಭಾಷೆಯಲ್ಲಿ ಹೇಳುವುದಾದರೆ, ಆರಂಭದ ಶಿಲ್ಕೂ ಅಂತ್ಯದ ಶಿಲ್ಕೂ ಒಂದೇ. ನಡುವೆ ಇದ್ದುದು ಖರ್ಚು ಮಾತ್ರ.

ಹೀಗಿದ್ದೂ ಆ ಯುದ್ಧ ಅಮೆರಿಕದ ಜನರಿಗೆ ಒಂದು ಧ್ವಜವನ್ನು, ಒಂದು ಗೀತೆಯನ್ನು, ಇಬ್ಬರು ರಾಷ್ಟ್ರಾಧ್ಯಕ್ಷರನ್ನು, ‘ನಾವು ಒಂದು ರಾಷ್ಟ್ರ’ ಎಂಬ ದೃಢವಾದ ಭಾವವನ್ನು ಕೊಟ್ಟಿತು. ಏನನ್ನೂ ಗೆಲ್ಲದ ಯುದ್ಧ ಇಷ್ಟೆಲ್ಲವನ್ನು ಹೇಗೆ ಕೊಟ್ಟೀತು? ಲೆಕ್ಕದಲ್ಲಿ ಯಾವುದನ್ನು ಬರೆದುಕೊಂಡರು, ಯಾವುದನ್ನು ಬಿಟ್ಟರು ಎಂಬುದನ್ನು ನೋಡದೆ ಈ ಪ್ರಶ್ನೆಗೆ ಉತ್ತರ ದೊರೆಯದು.

ಆ ಕಾಲದ ಅಮೆರಿಕವನ್ನು ಇಂದಿನ ಅಮೆರಿಕವೆಂದು ಭಾವಿಸಿಕೊಂಡರೆ ವಿಷಯ ತಿಳಿಯುವುದಿಲ್ಲ. 1776ರಲ್ಲಿ ಸ್ವಾತಂತ್ರ್ಯ ಘೋಷಿಸಿ, 1783ರಲ್ಲಿ ಬ್ರಿಟನ್ನಿನಿಂದ ಮಾನ್ಯತೆ ಪಡೆದು, 1789ರಿಂದ ಹೊಸ ಸಂವಿಧಾನದಂತೆ ನಡೆಯುತ್ತಿದ್ದ ಎಳೆಯ ರಾಜ್ಯ ಅದು. 1810ರ ಜನಗಣತಿಯಂತೆ ಜನಸಂಖ್ಯೆ 72 ಲಕ್ಷ 39 ಸಾವಿರ. ಅವರಲ್ಲಿ 11 ಲಕ್ಷ 91 ಸಾವಿರ ಮಂದಿ ಗುಲಾಮರು. ವರ್ಜೀನಿಯದವನಿಗೆ ವರ್ಜೀನಿಯವೇ ದೇಶ, ಮ್ಯಾಸಚುಸೆಟ್ಸ್‌ನವನಿಗೆ ಮ್ಯಾಸಚುಸೆಟ್ಸೇ ದೇಶ ಎಂಬಂತಿತ್ತು. ಅದೇ ಹೊತ್ತಿನಲ್ಲಿ ಯೂರೋಪಿನಲ್ಲಿ ಬ್ರಿಟನ್ನಿಗೂ ನೆಪೋಲಿಯನ್ನನಿಗೂ ಮಹಾಯುದ್ಧ ನಡೆದಿತ್ತು. ಎರಡು ಬಲಿಷ್ಠರ ನಡುವೆ ಸಿಕ್ಕಿಕೊಂಡ ತಟಸ್ಥ ವ್ಯಾಪಾರಿಯ ಪಾಡು ಏನೆಂಬುದನ್ನು ವಿವರಿಸಬೇಕಾಗಿಲ್ಲ. ಅಮೆರಿಕದ ಹಡಗುಗಳನ್ನು ಇಬ್ಬರೂ ಹಿಡಿದರು. ಬ್ರಿಟಿಷ್ ನೌಕಾದಳವಂತೂ ತನ್ನಿಂದ ಓಡಿಹೋದ ನಾವಿಕರನ್ನು ಹುಡುಕುವ ನೆಪದಲ್ಲಿ ಅಮೆರಿಕದ ಹಡಗುಗಳನ್ನು ತಡೆದು ಸಾವಿರಾರು ನಾವಿಕರನ್ನು ಬಲಾತ್ಕಾರದಿಂದ ತನ್ನ ಸೇವೆಗೆ ಎಳೆದುಕೊಂಡಿತು. 1807ರ ಜೂನ್ 22ರಂದು ‘ಚೆಸಪೀಕ್’ ಎಂಬ ಅಮೆರಿಕದ ಯುದ್ಧನೌಕೆಯ ಮೇಲೆಯೇ ‘ಲೆಪರ್ಡ್’ ಎಂಬ ಬ್ರಿಟಿಷ್ ನೌಕೆ ಗುಂಡು ಹಾರಿಸಿ ನಾಲ್ವರನ್ನು ಹೊತ್ತೊಯ್ದಾಗ ದೇಶವೆಲ್ಲ ಕೆರಳಿತು.

ಅಂದಿನ ಅಧ್ಯಕ್ಷ ಥಾಮಸ್ ಜೆಫರ್ಸನ್ ಮಾಡಿದ ಪ್ರಯೋಗ ವಣಿಕರು ಗಮನಿಸತಕ್ಕದ್ದು. ಆತ ಯುದ್ಧಕ್ಕೆ ಹೋಗಲಿಲ್ಲ. ‘ನಮ್ಮ ಸರಕು ನಿಮಗೆ ಬೇಕಲ್ಲವೆ, ಅದನ್ನೇ ಕೊಡುವುದಿಲ್ಲ’ ಎಂಬ ಧೋರಣೆಯಿಂದ 1807ರ ಡಿಸೆಂಬರಿನಲ್ಲಿ ವಿದೇಶೀ ವ್ಯಾಪಾರವನ್ನೇ ನಿಲ್ಲಿಸಿದ. ರಕ್ತಪಾತವಿಲ್ಲದೆ ನ್ಯಾಯ ಪಡೆಯುವ ಈ ಆಲೋಚನೆ ಉದಾತ್ತವಾದುದೆಂದೇ ನನ್ನ ಅಭಿಪ್ರಾಯ. ಆದರೆ ಅದರ ಭಾರವನ್ನು ಹೊತ್ತವರು ಬ್ರಿಟಿಷರಲ್ಲ, ಬಾಸ್ಟನ್ ಮತ್ತು ಸೇಲಂ ಬಂದರುಗಳ ಹಡಗಿನ ಯಜಮಾನರು, ಕೂಲಿಗಳು, ಹಗ್ಗ ಹೊಸೆಯುವವರು. 1807ರಲ್ಲಿ 10 ಕೋಟಿ 80 ಲಕ್ಷ ಡಾಲರುಗಳಷ್ಟಿದ್ದ ರಫ್ತು ಮರುವರ್ಷ 2 ಕೋಟಿ 20 ಲಕ್ಷಕ್ಕೆ ಇಳಿಯಿತು. ಕಳ್ಳಸಾಗಣೆ ಬೆಳೆಯಿತು. ತ್ಯಾಗಕ್ಕೆ ಸಿದ್ಧರಾಗಿಲ್ಲದವರ ಮೇಲೆ ಶಾಸನದಿಂದ ಹೇರಿದ ತ್ಯಾಗ ಹದಿನೈದು ತಿಂಗಳೂ ಬಾಳಲಿಲ್ಲ. 1809ರ ಮಾರ್ಚಿನಲ್ಲಿ ಆ ಕಾಯಿದೆಯನ್ನು ರದ್ದುಮಾಡಬೇಕಾಯಿತು.

ಮುಂದಿನ ಅಧ್ಯಕ್ಷ ಜೇಮ್ಸ್ ಮ್ಯಾಡಿಸನ್ 1812ರ ಜೂನ್ 18ರಂದು ಯುದ್ಧಘೋಷಣೆಗೆ ಸಹಿ ಹಾಕಿದ. ಕೆಳಮನೆಯಲ್ಲಿ ಮತಗಳು 79ಕ್ಕೆ 49, ಸೆನೆಟ್ಟಿನಲ್ಲಿ 19ಕ್ಕೆ 13. ಆ ದೇಶ ಇದುವರೆಗೆ ವಿಧಿವತ್ತಾಗಿ ಸಾರಿದ ಯುದ್ಧಗಳಲ್ಲಿ ಇಷ್ಟು ಒಡಕಿನಿಂದ ಸಾರಿದುದು ಮತ್ತೊಂದಿಲ್ಲ. ವರ್ತಕರ ಪಕ್ಷವೆನಿಸಿದ್ದ ಫೆಡರಲಿಸ್ಟರಲ್ಲಿ ಒಬ್ಬನೂ ಯುದ್ಧದ ಪರವಾಗಿ ಮತ ಕೊಡಲಿಲ್ಲ. ಮ್ಯಾಸಚುಸೆಟ್ಸ್‌ನ ಗವರ್ನರ್ ಕ್ಯಾಲೆಬ್ ಸ್ಟ್ರಾಂಗ್ ತನ್ನ ಸಂಸ್ಥಾನದ ಕಾಲಾಳುಗಳನ್ನು ಕೇಂದ್ರಕ್ಕೆ ಒಪ್ಪಿಸಲು ನಿರಾಕರಿಸಿದ್ದಲ್ಲದೆ, ಒದಗಿದ ಅನಿಷ್ಟಕ್ಕಾಗಿ ಸಾರ್ವಜನಿಕ ಉಪವಾಸದ ದಿನವೊಂದನ್ನು ಸಾರಿದ. ಇದಕ್ಕಿಂತಲೂ ಮನಸ್ಸನ್ನು ಕಲಕುವ ಸಂಗತಿ ಇನ್ನೊಂದಿದೆ. ಅಮೆರಿಕದ ವ್ಯಾಪಾರವನ್ನು ಕಟ್ಟಿಹಾಕಿದ್ದ ತನ್ನ ಆಜ್ಞೆಗಳನ್ನು ಹಿಂತೆಗೆದುಕೊಳ್ಳುವುದಾಗಿ ಬ್ರಿಟಿಷ್ ಸರ್ಕಾರ ಪಾರ್ಲಿಮೆಂಟಿನಲ್ಲಿ ಹೇಳಿದ್ದು ಜೂನ್ 16ರಂದು, ಯುದ್ಧ ಸಾರುವುದಕ್ಕೆ ಎರಡು ದಿನ ಮೊದಲು! ಹಾಯಿಹಡಗು ಸುದ್ದಿಯನ್ನು ಸಾಗರದಾಚೆ ತರುವ ವೇಳೆಗೆ ಗುಂಡುಗಳು ಹಾರಿದ್ದವು. ನಾವಿಕರ ಅಪಹರಣದ ಪ್ರಶ್ನೆ ಉಳಿದಿತ್ತು, ನಿಜ; ಆದರೂ ಒಂದು ತಿಂಗಳ ತಾಳ್ಮೆ ಏನನ್ನು ಉಳಿಸಬಹುದಾಗಿತ್ತೆಂದು ಯಾರಿಗಾದರೂ ಅನ್ನಿಸದಿರದು.

ಯುದ್ಧದ ಕಥೆಯನ್ನು ಇಲ್ಲಿ ವಿಸ್ತರಿಸುವುದಿಲ್ಲ. ಕೆನಡವನ್ನು ಗೆಲ್ಲುವುದೆಂದರೆ ಕೇವಲ ನಡೆದುಹೋಗುವ ಕೆಲಸವೆಂದು ಜೆಫರ್ಸನ್ ಭಾವಿಸಿದ್ದ. ನಡೆದುಹೋದ ಸೈನ್ಯ 1812ರ ಆಗಸ್ಟ್ 16ರಂದು ಡೆಟ್ರಾಯಿಟ್‌ನಲ್ಲಿ ಶರಣಾಯಿತು. ಮರುವರ್ಷ ಏಪ್ರಿಲ್‌ನಲ್ಲಿ ಅಮೆರಿಕನರು ಇಂದಿನ ಟೊರಾಂಟೊ ಆದ ಯಾರ್ಕ್ ಪಟ್ಟಣವನ್ನು ಹೊಕ್ಕಾಗ ಅಲ್ಲಿಯ ಶಾಸನಸಭೆಯ ಕಟ್ಟಡ ಸುಟ್ಟುಹೋಯಿತು. 1814ರ ಆಗಸ್ಟ್ 24ರಂದು ಬ್ರಿಟಿಷರು ವಾಷಿಂಗ್ಟನ್ ನಗರವನ್ನು ಹೊಕ್ಕು ಅಧ್ಯಕ್ಷನ ನಿವಾಸಕ್ಕೂ ಶಾಸನಸಭೆಗೂ ಬೆಂಕಿಯಿಟ್ಟರು. ಆ ಬೆಂಕಿಯಲ್ಲಿ ಕಾಂಗ್ರೆಸ್ಸಿನ ಗ್ರಂಥಾಲಯದ ಸುಮಾರು 3,000 ಗ್ರಂಥಗಳು ನಾಶವಾದವು. ಮರುವರ್ಷ ಜೆಫರ್ಸನ್ ತನ್ನ ಸ್ವಂತ ಸಂಗ್ರಹದ 6,487 ಗ್ರಂಥಗಳನ್ನು 23,950 ಡಾಲರುಗಳಿಗೆ ದೇಶಕ್ಕೆ ಮಾರಿದ. ಇಂದು ಜಗತ್ತಿನ ಅತಿ ದೊಡ್ಡ ಗ್ರಂಥಾಲಯಗಳಲ್ಲೊಂದಾಗಿರುವ ಲೈಬ್ರರಿ ಆಫ್ ಕಾಂಗ್ರೆಸ್ಸಿನ ಬೀಜ ಅದೇ. ಗ್ರಂಥಭಂಡಾರಗಳನ್ನು ಕಾಪಾಡುವ ಹೊಣೆ ಹೊತ್ತವರಿಗೆ ಈ ಸಂಗತಿ ರುಚಿಸೀತೆಂದು ಇಷ್ಟನ್ನು ಬರೆದೆ.

ವಾಷಿಂಗ್ಟನ್ನನ್ನು ಸುಟ್ಟ ಬ್ರಿಟಿಷರು ಬಾಲ್ಟಿಮೋರ್ ಬಂದರಿನತ್ತ ತಿರುಗಿದರು. ಬಂದರನ್ನು ಕಾಯುತ್ತಿದ್ದುದು ಮೆಕ್‌ಹೆನ್ರಿ ಕೋಟೆ. ಕೋಟೆಯ ಅಧಿಕಾರಿ ಮೇಜರ್ ಜಾರ್ಜ್ ಆರ್ಮಿಸ್ಟೆಡ್ ಶತ್ರುವಿಗೆ ದೂರದಿಂದಲೇ ಕಾಣುವಂಥ ಧ್ವಜ ಬೇಕೆಂದು ಹಿಂದಿನ ವರ್ಷವೇ ಮೇರಿ ಪಿಕರ್ಸ್‌ಗಿಲ್ ಎಂಬ ವಿಧವೆಗೆ ಹೇಳಿ ಹೊಲಿಸಿದ್ದ. 42 ಅಡಿ ಉದ್ದ, 30 ಅಡಿ ಅಗಲ. ಹದಿನೈದು ನಕ್ಷತ್ರ, ಹದಿನೈದು ಪಟ್ಟಿ. ಆಕೆಗೆ ಸಂದ ಹಣ 405 ಡಾಲರ್ 90 ಸೆಂಟ್. ಹೊಲಿದವರಲ್ಲಿ ಗ್ರೇಸ್ ವಿಷರ್ ಎಂಬ ಕಪ್ಪು ಬಾಲೆಯೂ ಇದ್ದಳು. ಆಕೆ ಆ ಮನೆಯಲ್ಲಿ ಕರಾರಿನ ಮೇಲೆ ದುಡಿಯುತ್ತಿದ್ದವಳು. 1814ರ ಸೆಪ್ಟೆಂಬರ್ 13ರಿಂದ 14ರವರೆಗೆ ಇಪ್ಪತ್ತೈದು ಗಂಟೆಗಳ ಕಾಲ ಬ್ರಿಟಿಷ್ ನೌಕೆಗಳು ಕೋಟೆಯ ಮೇಲೆ ಸಿಡಿಗುಂಡುಗಳನ್ನು ಸುರಿಸಿದವು. ಸೆರೆಯಲ್ಲಿದ್ದ ಒಬ್ಬ ವೃದ್ಧ ವೈದ್ಯನನ್ನು ಬಿಡಿಸಿಕೊಳ್ಳಲು ಸಂಧಾನಕ್ಕೆಂದು ಹೋಗಿದ್ದ ಫ್ರಾನ್ಸಿಸ್ ಸ್ಕಾಟ್ ಕೀ ಎಂಬ ವಕೀಲ, ಬ್ರಿಟಿಷರ ಕಾವಲಿನ ನಾವೆಯೊಂದರಲ್ಲಿ ರಾತ್ರಿಯೆಲ್ಲ ಅದನ್ನು ನೋಡುತ್ತ ಕಳೆದ. ಬೆಳಗಾದಾಗ ಕೋಟೆಯ ಮೇಲೆ ಧ್ವಜ ಹಾರುತ್ತಲೇ ಇತ್ತು. ಆತ ಬರೆದ ಹಾಡು ಲಂಡನ್ನಿನ ವಿನೋದಕೂಟವೊಂದರ ಹಳೆಯ ಧಾಟಿಗೆ ಹೊಂದಿಕೊಂಡಿತು. ಶತ್ರುವಿನ ಧಾಟಿಯಲ್ಲಿಯೇ ಶತ್ರುವನ್ನು ಎದುರಿಸಿದ ಹೆಮ್ಮೆಯನ್ನು ಹಾಡಿದರು! 1931ರಲ್ಲಿ ಅದು ಶಾಸನದ ಮೂಲಕ ರಾಷ್ಟ್ರಗೀತೆಯಾಯಿತು.

ಆ ಹಾಡಿನಲ್ಲಿ ರಾತ್ರಿಯ ಆಕಾಶವನ್ನು ಬೆಳಗಿದ ಅಗ್ನಿಬಾಣಗಳ, ಎಂದರೆ ರಾಕೆಟ್ಟುಗಳ, ಪ್ರಸ್ತಾಪವಿದೆ. ಅವುಗಳ ಮನೆತನ ನಮ್ಮದು ಎಂದರೆ ಕೆಲವರಿಗೆ ಆಶ್ಚರ್ಯವಾದೀತು. ಕಬ್ಬಿಣದ ಕೊಳವೆಯಲ್ಲಿ ಮದ್ದು ತುಂಬಿ ಬಿದಿರಿನ ಗಳುವಿಗೆ ಕಟ್ಟಿ ಹಾರಿಸುವ ಬಾಣಗಳನ್ನು ಹೈದರ್ ಅಲಿ ಮತ್ತು ಟಿಪ್ಪು ಸುಲ್ತಾನರ ಸೈನ್ಯ 1780ರ ಪೊಳ್ಳಿಲೂರು ಕದನದಲ್ಲಿ ಇಂಗ್ಲಿಷರ ಮೇಲೆ ಬಳಸಿತ್ತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅವುಗಳ ಮಾದರಿಗಳು ಇಂಗ್ಲೆಂಡಿಗೆ ಹೋದವು. ಅಲ್ಲಿಯ ವುಲ್ವಿಚ್ ಶಸ್ತ್ರಾಗಾರದಲ್ಲಿ ವಿಲಿಯಂ ಕಾಂಗ್ರೀವ್ ಅವುಗಳ ಆಧಾರದಿಂದಲೇ ತನ್ನ ರಾಕೆಟ್ಟುಗಳನ್ನು ರೂಪಿಸಿದ. ಬಾಲ್ಟಿಮೋರಿನಲ್ಲಿ ‘ಎರೆಬಸ್’ ಎಂಬ ನೌಕೆಯಿಂದ ಹಾರಿದವು ಅವೇ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಹಾಳುಬಾವಿಯೊಂದರಲ್ಲಿ ಆ ಕಾಲದ ಸಾವಿರಕ್ಕೂ ಹೆಚ್ಚು ರಾಕೆಟ್ಟುಗಳು ದೊರೆತುದನ್ನು ವಾಚಕರು ಪತ್ರಿಕೆಗಳಲ್ಲಿ ಓದಿರಬಹುದು. ಕನ್ನಡ ನೆಲದ ಕಮ್ಮಾರರು ಬಡಿದು ಮಾಡಿದ ಆಯುಧ ಸಮುದ್ರ ದಾಟಿ, ಕೈ ಬದಲಾಯಿಸಿ, ಮೂರನೆಯ ದೇಶವೊಂದರ ರಾಷ್ಟ್ರಗೀತೆಯಲ್ಲಿ ಶತ್ರುವಿನ ಅಸ್ತ್ರವಾಗಿ ನೆಲೆಸಿದೆ. ಇದರಲ್ಲಿ ಹೆಮ್ಮೆಪಡುವುದೇನಾದರೂ ಇದೆಯೆ ಎಂಬುದನ್ನು ವಾಚಕರಿಗೇ ಬಿಡುತ್ತೇನೆ.

ಧ್ವಜ ಹಾರುತ್ತಿದ್ದರೂ ಬೊಕ್ಕಸ ಬರಿದಾಗಿತ್ತು. ಯುದ್ಧದ ಆರಂಭದಲ್ಲಿ ನಾಲ್ಕೂವರೆ ಕೋಟಿ ಡಾಲರುಗಳಷ್ಟಿದ್ದ ರಾಷ್ಟ್ರದ ಸಾಲ ಮುಗಿಯುವ ವೇಳೆಗೆ 12 ಕೋಟಿ 70 ಲಕ್ಷಕ್ಕೆ ಏರಿತು. 1813ರಲ್ಲಿ ಸರ್ಕಾರ 1 ಕೋಟಿ 60 ಲಕ್ಷ ಡಾಲರುಗಳ ಸಾಲ ಎತ್ತಲು ಹೊರಟಾಗ ಜನ ಮುಂದೆ ಬರಲಿಲ್ಲ. ಕೊನೆಗೆ ಅದರಲ್ಲಿ ಸುಮಾರು ಒಂದು ಕೋಟಿಯನ್ನು ಒದಗಿಸಿದವರು ಸ್ಟೀಫನ್ ಜಿರಾರ್ಡ್, ಡೇವಿಡ್ ಪ್ಯಾರಿಷ್, ಜಾನ್ ಜೇಕಬ್ ಆಸ್ಟರ್ ಎಂಬ ಮೂವರು ವರ್ತಕರು. ಮೊದಲನೆಯವನು ಹುಟ್ಟಿದ್ದು ಫ್ರಾನ್ಸಿನ ಬೋರ್ಡೋದಲ್ಲಿ, ಉಳಿದಿಬ್ಬರು ಜರ್ಮನ್ ನಾಡಿನಲ್ಲಿ. ಸಾಲವನ್ನು ಕುದುರಿಸಿದ ಅರ್ಥಸಚಿವ ಆಲ್ಬರ್ಟ್ ಗ್ಯಾಲಟಿನ್ ಜಿನೀವದವನು. ಅಮೆರಿಕದ ಮಣ್ಣಿನಲ್ಲಿ ಹುಟ್ಟಿದ ಎಷ್ಟೋ ಮಂದಿ ಸಾಹುಕಾರರು ಕೈಕಟ್ಟಿ ಕುಳಿತಿದ್ದಾಗ ಆ ದೇಶವನ್ನು ಎತ್ತಿ ನಿಲ್ಲಿಸಿದವರು ಹೊರಗಿನಿಂದ ಬಂದವರು. ಬಡ್ಡಿಯ ಆಸೆ ಅವರಿಗಿರಲಿಲ್ಲವೆಂದಲ್ಲ. ಆದರೆ ಸ್ವದೇಶೀಯ ಯಾರು ಎಂಬ ಪ್ರಶ್ನೆ ಎದ್ದಾಗ ಈ ಖಾತೆಯನ್ನೂ ತೆರೆದು ನೋಡಬೇಕು. ಅತ್ತ ಗಡಿಯಲ್ಲಿ ವ್ಯವಹಾರ ಬೇರೆಯಾಗಿತ್ತು. ಕೆನಡದಲ್ಲಿದ್ದ ಬ್ರಿಟಿಷ್ ಸೈನ್ಯದ ಮೂರರಲ್ಲಿ ಎರಡು ಪಾಲಿಗೆ ಮಾಂಸ ಬರುತ್ತಿರುವುದು ವರ್ಮಾಂಟ್ ಮತ್ತು ನ್ಯೂಯಾರ್ಕಿನ ಗುತ್ತಿಗೆದಾರರಿಂದಲೇ ಎಂದು ಅಲ್ಲಿಯ ಗವರ್ನರ್ ಪ್ರೆವೋಸ್ಟ್ 1814ರ ಆಗಸ್ಟಿನಲ್ಲಿ ಲಂಡನ್ನಿಗೆ ವರದಿ ಮಾಡಿದ. ತನ್ನ ದೇಶದ ಸೈನಿಕರನ್ನು ಕೊಲ್ಲುವ ಸೈನ್ಯಕ್ಕೆ ದನ ಮಾರಿ ಲಾಭ ಎಣಿಸಿದ ಈ ವ್ಯಾಪಾರದ ಬಗ್ಗೆ ಹೆಚ್ಚು ಬರೆಯಲು ಮನಸ್ಸಾಗದು.

ಅಸಮಾಧಾನಗೊಂಡಿದ್ದ ನ್ಯೂ ಇಂಗ್ಲೆಂಡ್ ಸಂಸ್ಥಾನಗಳ 26 ಮಂದಿ ಪ್ರತಿನಿಧಿಗಳು 1814ರ ಡಿಸೆಂಬರ್ 15ರಿಂದ 1815ರ ಜನವರಿ 5ರವರೆಗೆ ಹಾರ್ಟ್‌ಫರ್ಡ್ ಪಟ್ಟಣದಲ್ಲಿ ಬಾಗಿಲು ಮುಚ್ಚಿಕೊಂಡು ಸಮಾಲೋಚಿಸಿದರು. ಒಕ್ಕೂಟದಿಂದ ಹೊರಹೋಗುವ ಮಾತು ಗಾಳಿಯಲ್ಲಿತ್ತು. ಆದರೆ ಅವರು ಕೊನೆಗೆ ಕೇಳಿದುದು ಸಂವಿಧಾನದ ಕೆಲವು ತಿದ್ದುಪಡಿಗಳನ್ನು ಮಾತ್ರ. ಆ ಬೇಡಿಕೆಗಳನ್ನು ಹೊತ್ತ ದೂತರು ಫೆಬ್ರವರಿಯಲ್ಲಿ ವಾಷಿಂಗ್ಟನ್ನಿಗೆ ಬರುವ ವೇಳೆಗೆ ಎರಡು ಸುದ್ದಿಗಳು ಅಲ್ಲಿ ಬಂದಿಳಿದವು. ದಕ್ಷಿಣದ ನ್ಯೂ ಆರ್ಲಿಯನ್ಸ್‌ನಲ್ಲಿ ಜನವರಿ 8ರಂದು ಆಂಡ್ರೂ ಜಾಕ್ಸನ್ನನ ಸೈನ್ಯ ಬ್ರಿಟಿಷರನ್ನು ಧೂಳೀಪಟ ಮಾಡಿದ್ದು ಮೊದಲನೆಯದು. ಘೆಂಟ್‌ನಲ್ಲಿ ಸಂಧಿಯಾದುದು ಎರಡನೆಯದು. ನಿಜವಾದ ಕ್ರಮದಲ್ಲಿ ಸಂಧಿ ಮೊದಲು, ಕದನ ಅನಂತರ. ಸಹಿಗಳಾಗಿ ಹದಿನೈದು ದಿನಗಳಾದ ಮೇಲೆ, ಸುದ್ದಿ ತಲಪದಿದ್ದ ಒಂದೇ ಕಾರಣಕ್ಕೆ, ಬ್ರಿಟಿಷರ ಕಡೆ ಸತ್ತವರು, ಗಾಯಗೊಂಡವರು, ಸೆರೆಸಿಕ್ಕವರು ಸೇರಿ ಸುಮಾರು ಎರಡು ಸಾವಿರ. ಜಾಕ್ಸನ್ನನ ಕಡೆ ಸತ್ತವರು ಹದಿಮೂವರು. ಆದರೆ ಜನರ ಕಿವಿಗೆ ಸುದ್ದಿಗಳು ಬಿದ್ದ ಕ್ರಮ ತಿರುಗುಮುರುಗಾಗಿತ್ತು. ಮೊದಲು ವಿಜಯ, ಆಮೇಲೆ ಸಂಧಿ! ಗೆದ್ದುದರಿಂದಲೇ ಶಾಂತಿ ಬಂತೆಂದು ಜನ ನಂಬಿದರು. ಫೆಡರಲಿಸ್ಟರು ದ್ರೋಹಿಗಳೆನಿಸಿ, ಆ ಪಕ್ಷ ಕೆಲವೇ ವರ್ಷಗಳಲ್ಲಿ ಕರಗಿಹೋಯಿತು. ಒಂದು ರಾಷ್ಟ್ರದ ಆತ್ಮಚಿತ್ರ ಅಂಚೆಯ ವಿಳಂಬದಿಂದ ರೂಪುಗೊಂಡಿತೆಂದರೆ ಅತಿಶಯೋಕ್ತಿಯೆನಿಸಬಹುದು. ಅದರಲ್ಲಿ ಸತ್ಯಾಂಶ ಕಡಮೆಯಿಲ್ಲ.

ಯುದ್ಧದಿಂದ ಆದ ಕೇಡನ್ನೂ ಲಾಭವನ್ನೂ ಸಮವಾಗಿ ತೂಗಿದವನು ಗ್ಯಾಲಟಿನ್. ಘೆಂಟ್ ಸಂಧಿಗೆ ಸಹಿ ಹಾಕಿದವರಲ್ಲಿ ಆತನೂ ಒಬ್ಬ. ಯುದ್ಧ ಶಾಶ್ವತವಾದ ತೆರಿಗೆಗಳಿಗೂ ಸೈನ್ಯಕ್ಕೂ ಬುನಾದಿ ಹಾಕಿತೆಂದೂ, ಆದರೆ ಸ್ವಾತಂತ್ರ್ಯ ಸಂಗ್ರಾಮದ ಬಳಿಕ ಕುಂದುತ್ತಿದ್ದ ರಾಷ್ಟ್ರೀಯ ಭಾವವನ್ನು ಅದು ಮರಳಿ ತಂದು ಜನರನ್ನು ಹೆಚ್ಚು ಅಮೆರಿಕನರನ್ನಾಗಿ ಮಾಡಿತೆಂದೂ ಆತ 1816ರಲ್ಲಿ ಮಿತ್ರನೊಬ್ಬನಿಗೆ ಬರೆದ. ಅದೇ ವರ್ಷ ಹೊಸ ರಾಷ್ಟ್ರೀಯ ಬ್ಯಾಂಕ್ ಸ್ಥಾಪನೆಯಾಯಿತು. ಆಮದು ನಿಂತಿದ್ದಾಗ ತಲೆಯೆತ್ತಿದ ಹತ್ತಿಯ ಗಿರಣಿಗಳನ್ನು ಕಾಯಲು ಸುಂಕದ ಕಾಯಿದೆ ಬಂತು. ಸೈನ್ಯಕ್ಕೆ ಮಾಂಸದ ಪೀಪಾಯಿಗಳನ್ನು ಪೂರೈಸುತ್ತಿದ್ದ ಟ್ರಾಯ್ ಪಟ್ಟಣದ ಸ್ಯಾಮ್ಯುಯಲ್ ವಿಲ್ಸನ್ ಎಂಬಾತನ ಹೆಸರಿನಿಂದಲೇ ‘ಅಂಕಲ್ ಸ್ಯಾಮ್’ ಎಂಬ ರೂಪಕ ಹುಟ್ಟಿತೆಂಬ ಪ್ರತೀತಿಯೂ ಈ ಯುದ್ಧದ್ದೇ.

ಇಷ್ಟು ಜಮೆಯ ಪುಟ. ಇನ್ನೊಂದು ಪುಟವನ್ನು ಆ ದೇಶ ಬಹುಕಾಲ ತೆರೆಯಲೇ ಇಲ್ಲ. ಚದುರಿಹೋಗಿದ್ದ ಮೂಲನಿವಾಸಿ ಕುಲಗಳನ್ನು ಒಂದುಗೂಡಿಸಿ, ನೆಲ ಎಲ್ಲರದು, ಅದನ್ನು ಮಾರುವ ಹಕ್ಕು ಯಾವ ಒಂದು ಕುಲಕ್ಕೂ ಇಲ್ಲವೆಂದು ಸಾರಿದ ಷಾನೀ ನಾಯಕ ಟೆಕುಮ್ಸೆ ಬ್ರಿಟಿಷರ ಪಕ್ಷದಲ್ಲಿ ಹೋರಾಡಿ 1813ರ ಅಕ್ಟೋಬರ್ 5ರಂದು ಮಡಿದ. ಆತನೂ ಒಂದು ಎಳೆಯ ರಾಷ್ಟ್ರವನ್ನು ಕಟ್ಟಲು ಹೊರಟವನೇ. ಆತನ ವಿರುದ್ಧ ಹೋರಾಡಿದ ಹ್ಯಾರಿಸನ್ 1841ರಲ್ಲಿ ಅಧ್ಯಕ್ಷನಾದ; ಟೆಕುಮ್ಸೆಯ ಒಕ್ಕೂಟ ಅವನೊಡನೆ ಸತ್ತಿತು. ದಕ್ಷಿಣದಲ್ಲಿ 1814ರ ಮಾರ್ಚ್ 27ರಂದು ಹಾರ್ಸ್‌ಷೂ ಬೆಂಡ್ ಎಂಬಲ್ಲಿ ಜಾಕ್ಸನ್ನನ ಸೈನ್ಯ ಎಂಟುನೂರಕ್ಕೂ ಹೆಚ್ಚು ಕ್ರೀಕ್ ಯೋಧರನ್ನು ಕೊಂದಿತು. ಆಮೇಲಿನ ಒಪ್ಪಂದದಲ್ಲಿ ಕ್ರೀಕರಿಂದ ಸುಮಾರು 2 ಕೋಟಿ 30 ಲಕ್ಷ ಎಕರೆ ನೆಲ ಬರೆಸಿಕೊಂಡರು. ಅದರಲ್ಲಿ ಜಾಕ್ಸನ್ನನ ಪರವಾಗಿಯೇ ಕಾದಾಡಿದ ಕ್ರೀಕರ ನೆಲವೂ ಸೇರಿತ್ತು! 1811ರಲ್ಲಿ ಕುಲಗಳಿಗಿದ್ದ ಹಕ್ಕುಗಳನ್ನೂ ಆಸ್ತಿಯನ್ನೂ ಮರಳಿ ಕೊಡತಕ್ಕದ್ದೆಂದು ಘೆಂಟ್ ಸಂಧಿಯ ಒಂಬತ್ತನೆಯ ವಿಧಿ ಸ್ಪಷ್ಟವಾಗಿ ಹೇಳಿದೆ. ಕ್ರೀಕರಿಗೆ ಆ ನೆಲ ಮರಳಲಿಲ್ಲ. ಆ ಕದನದಲ್ಲಿ ಚೆರೋಕೀ ಜನರೂ ಜಾಕ್ಸನ್ನನಿಗೆ ನೆರವಾಗಿದ್ದರು. ಅವನೇ ಅಧ್ಯಕ್ಷನಾಗಿದ್ದಾಗ 1830ರಲ್ಲಿ ಬಂದ ಕಾಯಿದೆಯ ಬಲದಿಂದ ಅವರನ್ನೂ 1838ರಲ್ಲಿ ಸೈನಿಕರ ಕಾವಲಿನಲ್ಲಿ ಪಶ್ಚಿಮಕ್ಕೆ ಅಟ್ಟಲಾಯಿತು; ಸಾವಿರಾರು ಮಂದಿ ದಾರಿಯಲ್ಲಿ, ಶಿಬಿರಗಳಲ್ಲಿ ಸತ್ತರು.

ಗುಲಾಮರ ಖಾತೆ ಬೇರೆ. ತಮ್ಮ ಕಡೆಗೆ ಬಂದವರಿಗೆ ಸೈನ್ಯದಲ್ಲಿ ಸ್ಥಾನ ಅಥವಾ ಬ್ರಿಟಿಷ್ ವಸಾಹತುಗಳಲ್ಲಿ ನೆಲೆ ಕೊಡುವುದಾಗಿ ಬ್ರಿಟಿಷ್ ನೌಕಾಧಿಪತಿ ಕಾಕ್ರೇನ್ 1814ರ ಏಪ್ರಿಲ್‌ನಲ್ಲಿ ಸಾರಿದ. ಸುಮಾರು ನಾಲ್ಕು ಸಾವಿರ ಮಂದಿ ಯಜಮಾನರನ್ನು ಬಿಟ್ಟು ದೋಣಿಗಳಲ್ಲಿ ರಾತ್ರೋರಾತ್ರಿ ಹೊರಟು ಆ ಹಡಗುಗಳನ್ನು ಹತ್ತಿದರು. ಸ್ವಾತಂತ್ರ್ಯದ ಗೀತೆ ಬರೆದ ಕೀಯೂ ಗುಲಾಮರ ಒಡೆಯನೇ. ಓಡಿಹೋದವರಲ್ಲಿ ಹಲವರು ನೋವಾ ಸ್ಕೋಷಿಯದಲ್ಲಿಯೂ ಟ್ರಿನಿಡಾಡಿನಲ್ಲಿಯೂ ನೆಲೆಸಿದರು. ಯುದ್ಧಾನಂತರ ಅಮೆರಿಕ ಇವರನ್ನು ‘ಕಳೆದುಹೋದ ಆಸ್ತಿ’ ಎಂದು ಲೆಕ್ಕ ಹಾಕಿ ಬ್ರಿಟನ್ನಿನಿಂದ ಪರಿಹಾರ ಕೇಳಿತು. ರಷ್ಯದ ಚಕ್ರವರ್ತಿಯ ಪಂಚಾಯತಿಯಾಗಿ, 1826ರಲ್ಲಿ 12,04,960 ಡಾಲರುಗಳಿಗೆ ವ್ಯವಹಾರ ತೀರ್ಮಾನವಾಯಿತು. ಹಣ ಹೋದದ್ದು ಒಡೆಯರ ಕೈಗೆ. ಲೆಕ್ಕ ಚೊಕ್ಕವಾಗಿದೆ, ಅಂಕೆ ಅಂಕೆಗೆ ತಾಳೆಯಾಗುತ್ತದೆ. ಇಂಥ ಚೊಕ್ಕ ಲೆಕ್ಕವನ್ನು ಕಂಡರೆ ನನಗೆ ಭಯವಾಗುತ್ತದೆ.

ಇದೇ ಯುದ್ಧವನ್ನು ಕೆನಡದವರು ತಮ್ಮ ಅಸ್ತಿತ್ವದ ಮೂಲವೆಂದು ಎಣಿಸುತ್ತಾರೆ. 1812ರ ಅಕ್ಟೋಬರಿನಲ್ಲಿ ಕ್ವೀನ್‌ಸ್ಟನ್ ಎತ್ತರದಲ್ಲಿ ಮಡಿದ ಸೇನಾನಿ ಬ್ರಾಕ್, ಶತ್ರುವಿನ ಸಂಚನ್ನು ತಿಳಿಸಲು ಮೂವತ್ತೆರಡು ಕಿಲೋಮೀಟರ್ ನಡೆದುಹೋದ ಲಾರಾ ಸೆಕಾರ್ಡ್ ಅವರ ವೀರರು. 2012ರಲ್ಲಿ ಅಲ್ಲಿಯ ಸರ್ಕಾರ ಇನ್ನೂರನೆಯ ವರ್ಷವನ್ನು ವಿಜೃಂಭಣೆಯಿಂದ ಆಚರಿಸಿತು. ಬ್ರಿಟನ್ನಿನಲ್ಲಿ ಇದನ್ನು ನೆನೆಯುವವರು ವಿರಳ. ಯುದ್ಧ ಸಾರಿದ ದಿನಕ್ಕೆ ಸರಿಯಾಗಿ ಮೂರು ವರ್ಷಗಳಾದಾಗ, 1815ರ ಜೂನ್ 18ರಂದು, ವಾಟರ್‌ಲೂ ಕದನ ನಡೆದು ಉಳಿದುದೆಲ್ಲವನ್ನೂ ಮರೆಸಿತು.

ಆ ಕಾಲದಲ್ಲಿಯೇ ಬೇರೆ ಬಗೆಯಲ್ಲಿ ಯೋಚಿಸಿದವರೂ ಇದ್ದರು. ನ್ಯೂಯಾರ್ಕಿನಲ್ಲಿ ಡೇವಿಡ್ ಲೋ ಡಾಜ್ ಎಂಬ ಜವಳಿ ವರ್ತಕನಿದ್ದ. ಪ್ರಯಾಣದಲ್ಲಿ ಹಣ ಒಯ್ಯಬೇಕಾದುದರಿಂದ ಪಿಸ್ತೂಲು ಇಟ್ಟುಕೊಳ್ಳುತ್ತಿದ್ದ. 1805ರಲ್ಲಿ ವಸತಿಗೃಹವೊಂದರಲ್ಲಿ ರಾತ್ರಿ ಕೋಣೆಯ ಬಾಗಿಲು ತೆರೆದ ಯಜಮಾನನನ್ನು ಕಳ್ಳನೆಂದು ಭ್ರಮಿಸಿ ಗುಂಡು ಹಾರಿಸುವುದರಲ್ಲಿದ್ದ, ಹೇಗೋ ತಪ್ಪಿತು. ಅಲ್ಲಿಂದ ಆತನ ಮನಸ್ಸಿನಲ್ಲಿ ಆರಂಭವಾದ ಮಥನ, ತನ್ನ ರಕ್ಷಣೆಗಾಗಿಯೂ ಆಯುಧ ಹಿಡಿಯುವುದು ಅಧರ್ಮವೆಂಬ ನಿಲುವಿಗೆ ಬಂದು ನಿಂತಿತು. ಯುದ್ಧವನ್ನು ಖಂಡಿಸುವ ಗ್ರಂಥವನ್ನು 1812ರಲ್ಲಿಯೇ ಸಿದ್ಧಪಡಿಸಿದರೂ, ಪಕ್ಷರಾಜಕೀಯದ ಕೂಗೆಂದು ಜನ ತಿಳಿದಾರೆಂದು ಯುದ್ಧ ಮುಗಿಯುವವರೆಗೆ ಪ್ರಕಟಿಸಲಿಲ್ಲ. ಈ ಸಂಯಮವನ್ನು ಮೆಚ್ಚಬೇಕೋ, ಮಾತಾಡಬೇಕಾದಾಗ ಮಾತಾಡಲಿಲ್ಲವೆಂದು ಆಕ್ಷೇಪಿಸಬೇಕೋ ಹೇಳುವುದು ಕಷ್ಟ. 1815ರ ಆಗಸ್ಟಿನಲ್ಲಿ ಆತ ಸ್ಥಾಪಿಸಿದ ನ್ಯೂಯಾರ್ಕ್ ಶಾಂತಿಸಂಘ ಆ ಬಗೆಯ ಸಂಸ್ಥೆಗಳಲ್ಲಿ ಮೊದಲನೆಯದು. ಅದೇ ಡಿಸೆಂಬರಿನಲ್ಲಿ ನೋವಾ ವುಸ್ಟರ್ ಎಂಬ ಧರ್ಮೋಪದೇಶಕ ಮ್ಯಾಸಚುಸೆಟ್ಸ್‌ನಲ್ಲಿ ಇನ್ನೊಂದನ್ನು ಸ್ಥಾಪಿಸಿದ. ಆತನೂ ಎಳೆಯ ವಯಸ್ಸಿನಲ್ಲಿ ಸ್ವಾತಂತ್ರ್ಯ ಸಂಗ್ರಾಮದ ಸೈನ್ಯದಲ್ಲಿದ್ದವನು.

ಇವರ ಪ್ರಾರ್ಥನೆಗಿಂತ ಖರ್ಚಿನ ಅಂಜಿಕೆಯೇ ಬಲವಾಗಿದ್ದಿರಬಹುದು, ಆದರೂ ಫಲ ಒಳ್ಳೆಯದಾಯಿತು. ಯುದ್ಧಕಾಲದಲ್ಲಿ ಗಡಿಯ ಮಹಾಸರೋವರಗಳಲ್ಲಿ ಎರಡು ದೇಶಗಳೂ ಒಂದಕ್ಕಿಂತ ಒಂದು ದೊಡ್ಡ ಯುದ್ಧನೌಕೆಗಳನ್ನು ಪೈಪೋಟಿಯಿಂದ ಕಟ್ಟುತ್ತಿದ್ದವು. 1817ರ ಏಪ್ರಿಲ್ 28 ಮತ್ತು 29ರಂದು ರಿಚರ್ಡ್ ರಷ್ ಮತ್ತು ಚಾರ್ಲ್ಸ್ ಬ್ಯಾಗಟ್ ಪತ್ರ ವಿನಿಮಯ ಮಾಡಿಕೊಂಡು ಒಂದು ಮಿತಿಗೆ ಒಪ್ಪಿದರು. ಆಂಟೇರಿಯೊ ಸರೋವರದಲ್ಲಿ ಒಂದೊಂದು ನೌಕೆ, ಷಾಂಪ್ಲೇನ್ ಸರೋವರದಲ್ಲಿ ಒಂದೊಂದು, ಮೇಲಿನ ಸರೋವರಗಳಲ್ಲಿ ಎರಡೆರಡು. ಯಾವುದೂ ನೂರು ಟನ್ ಮೀರತಕ್ಕದ್ದಲ್ಲ. ಪ್ರತಿಯೊಂದರ ಮೇಲೆಯೂ ಹದಿನೆಂಟು ಪೌಂಡಿನ ಗುಂಡಿನ ಒಂದೇ ಫಿರಂಗಿ. ಮರುವರ್ಷ ಸೆನೆಟ್ ಇದನ್ನು ಒಪ್ಪಿತು. ಕಾಲಕ್ಕೆ ತಕ್ಕ ಮಾರ್ಪಾಡುಗಳೊಡನೆ ಅದು ಇಂದಿಗೂ ಜಾರಿಯಲ್ಲಿದೆ. ಆಂಟೇರಿಯೊ ಸರೋವರದ ದಂಡೆಯ ಸ್ಯಾಕೆಟ್ಸ್ ಹಾರ್ಬರ್‌ನಲ್ಲಿ ಅಮೆರಿಕನರು ಕಟ್ಟಲು ತೊಡಗಿದ್ದ ಬೃಹತ್ ಯುದ್ಧನೌಕೆಯೊಂದು ಸಂಧಿಯ ಸುದ್ದಿ ಬಂದಾಗ ಅರ್ಧಕ್ಕೆ ನಿಂತಿತ್ತು. ಜಾಕ್ಸನ್ನನ ವಿಜಯದ ಊರಿನ ಹೆಸರನ್ನೇ ಅದಕ್ಕೆ ಇಟ್ಟಿದ್ದರು. ನೀರನ್ನು ಒಮ್ಮೆಯೂ ಕಾಣದ ಆ ‘ನ್ಯೂ ಆರ್ಲಿಯನ್ಸ್’ ಮರದ ಚಪ್ಪರದ ಕೆಳಗೆ ದಶಕಗಳ ಕಾಲ ಒಣಗುತ್ತ ನಿಂತು, 1883ರ ಸೆಪ್ಟೆಂಬರಿನಲ್ಲಿ ಮುರಿಗಟ್ಟಿಗೆಯ ಬೆಲೆಗೆ ಮಾರಾಟವಾಯಿತು.